ಆಶ್ಲಿ ನದಿಯ ದಂಡೆಯ ಉದ್ಯಾನ

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದ ಹೊರಗೆ, ಆಶ್ಲಿ ನದಿಯ ದಂಡೆಯ ಮೇಲೆ, ಮಿಡಲ್ಟನ್ ಪ್ಲೇಸ್ ಎಂಬ ಹಳೆಯ ಎಸ್ಟೇಟ್ ಇದೆ. ಅಲ್ಲಿನ ಉದ್ಯಾನದ ಕೆಲಸ ಶುರುವಾದದ್ದು 1741ರಲ್ಲಿ. ಆ ದೇಶದಲ್ಲಿ ನಕ್ಷೆ ಹಾಕಿ ಮಾಡಿದ ಉದ್ಯಾನಗಳ ಪೈಕಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯದು ಇದೇ ಎಂಬ ಖ್ಯಾತಿ ಇದಕ್ಕಿದೆ. ಫ್ರಾನ್ಸಿನ ರಾಜೋದ್ಯಾನಗಳನ್ನು ರೂಪಿಸಿದ ಆಂದ್ರೆ ಲ ನೋತ್ರನ ಪದ್ಧತಿಯ ನೆರಳು ಇಲ್ಲಿ ಎದ್ದು ಕಾಣುತ್ತದೆ. ಎಲ್ಲವೂ ಸರಳರೇಖೆ, ಎಲ್ಲವೂ ಅಳತೆ. ದಿಬ್ಬದ ಮೇಲೆ ಮನೆ. ಮನೆಯ ಮುಂದಿನಿಂದ ನದಿಯ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹುಲ್ಲುಹಾಸಿನ ಅಟ್ಟಣೆಗಳು. ಅವುಗಳ ಬುಡದಲ್ಲಿ ಚಿಟ್ಟೆಯ ಎರಡು ರೆಕ್ಕೆಗಳಂತೆ ಒಂದಕ್ಕೊಂದು ಪಡಿಯಚ್ಚಾದ ಎರಡು ಕೊಳಗಳು. ಕೊಳಗಳಾಚೆ ನದಿ. ಮನೆಯ ನಡುಬಾಗಿಲಿನಿಂದ ನದಿಯವರೆಗೆ ಒಂದು ಗೆರೆ ಎಳೆದರೆ ಎಡಕ್ಕಿರುವುದೇ ಬಲಕ್ಕೂ ಇದೆ. ಒಂದು ಬದಿಗೆ ಎತ್ತರದ ಹಸಿರು ಗೋಡೆಗಳ ನಡುವೆ ಚೌಕ, ಅಷ್ಟಕೋನ, ಉದ್ದನೆಯ ಹಾದಿಗಳು, ನೀರಿನ ಕಾಲುವೆ.

ಈ ಉದ್ಯಾನ ಸುಂದರವಾಗಿದೆ. ಮುಂದೆ ನಾನು ಬರೆಯುವ ಯಾವ ಮಾತೂ ಅದನ್ನು ಅಲ್ಲಗಳೆಯುವುದಿಲ್ಲ. ಅನ್ಯಾಯದ ನೆಲದಲ್ಲಿ ಬೆಳೆದ ಹೂವು ಕುರೂಪವಾಗಿರಬೇಕು ಎಂದು ನಿರೀಕ್ಷಿಸುವುದು ಒಂದು ಬಗೆಯ ಮೂಢನಂಬಿಕೆ. ಪ್ರಕೃತಿ ಪಾಪಪುಣ್ಯಗಳ ಲೆಕ್ಕ ಇಡುವುದಿಲ್ಲ, ಇಡಬೇಕಾದವರು ನಾವು. ನಾನು ಕೇಳುತ್ತಿರುವುದು ಬೇರೆ ಪ್ರಶ್ನೆ. ಈ ಉದ್ಯಾನವನ್ನು ಕಟ್ಟಿದವರು ಯಾರು? ಆ ಪ್ರಶ್ನೆಗೆ ಇನ್ನೂರಕ್ಕೂ ಹೆಚ್ಚು ವರ್ಷ ಬಂದ ಉತ್ತರ ಸುಳ್ಳಾಗಿತ್ತೇ?

ಉತ್ತರ ಇದು: ಹೆನ್ರಿ ಮಿಡಲ್ಟನ್ ಕಟ್ಟಿದ. 1741ರಲ್ಲಿ ಮೇರಿ ವಿಲಿಯಮ್ಸ್ ಎಂಬಾಕೆಯನ್ನು ಮದುವೆಯಾದಾಗ ಈ ಜಮೀನು, ಮನೆ ಅವನ ಕೈಸೇರಿದವು. ಅವನ ಅಜ್ಜ ಎಡ್ವರ್ಡ್ 1678ರಲ್ಲಿ ಬಾರ್ಬಡೋಸ್ ದ್ವೀಪದಿಂದ ಕೆರೊಲಿನಾಕ್ಕೆ ಬಂದವನು. ಕಬ್ಬಿನ ತೋಟಗಳ ಆ ದ್ವೀಪದಿಂದ ಬಂದವರು ತಮ್ಮ ಜೊತೆ ಹಣವನ್ನಷ್ಟೇ ತರಲಿಲ್ಲ. ಮನುಷ್ಯರನ್ನು ಆಸ್ತಿಯಾಗಿ ಇಟ್ಟುಕೊಳ್ಳುವ ಕಾನೂನಿನ ಮಾದರಿಯನ್ನೂ ತಂದರು. ಮೂರನೇ ತಲೆಮಾರಿನ ಹೆನ್ರಿಯ ಹೊತ್ತಿಗೆ ಈ ಮನೆತನದ ಆಸ್ತಿ ಸುಮಾರು ಇಪ್ಪತ್ತು ಎಸ್ಟೇಟುಗಳಿಗೆ, 50,000 ಎಕರೆಗೆ, 800ರಷ್ಟು ಗುಲಾಮರಿಗೆ ಬೆಳೆದಿತ್ತು. ಹಣ ಹುಟ್ಟುತ್ತಿದ್ದದ್ದು ಮುಖ್ಯವಾಗಿ ಭತ್ತದಿಂದ. ಆಶ್ಲಿ ದಂಡೆಯ ಈ ಜಾಗ ಆ ಸಂಪತ್ತನ್ನು ಲೋಕಕ್ಕೆ ತೋರಿಸುವ ಗದ್ದುಗೆಯಾಗಿತ್ತು.

ಉದ್ಯಾನದ ಬಗ್ಗೆ ಮನೆತನದಲ್ಲಿ ಉಳಿದುಬಂದ ಹೇಳಿಕೆಯೊಂದಿದೆ: ನೂರು ಮಂದಿ ಗುಲಾಮರು ಹತ್ತು ವರ್ಷ ದುಡಿದು ಈ ಅಟ್ಟಣೆ, ಕೊಳ, ಹಾದಿಗಳನ್ನು ಮುಗಿಸಿದರು. ಇದು ಹೇಳಿಕೆ, ಲೆಕ್ಕದ ಪುಸ್ತಕದ ನಮೂದಲ್ಲ. ಆದರೂ ಒಂದು ಅಂದಾಜಿಗೆ ಸಾಕು. ವರ್ಷಕ್ಕೆ 300 ದಿನವೆಂದು ಹಿಡಿದರೂ ನೂರು ಜನರ ಹತ್ತು ವರ್ಷ ಎಂದರೆ 3 ಲಕ್ಷ ಆಳುದಿನ. ಗುದ್ದಲಿ, ಸಲಿಕೆ, ಬುಟ್ಟಿ, ಎತ್ತು, ಯಂತ್ರವಿಲ್ಲ. ಕೂಲಿಯಿಲ್ಲ. ಬಿಟ್ಟುಹೋಗುವ ಹಕ್ಕಿಲ್ಲ. ಹೆನ್ರಿ ಮಿಡಲ್ಟನ್ ಆ ಮೂರು ಲಕ್ಷ ದಿನಗಳಲ್ಲಿ ಎಷ್ಟು ದಿನ ಗುದ್ದಲಿ ಹಿಡಿದಿರಬಹುದು ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಉತ್ತರ ಎಲ್ಲರಿಗೂ ಗೊತ್ತು. ಗೊತ್ತಿದ್ದೂ 'ಅವನು ಕಟ್ಟಿದ' ಎನ್ನುತ್ತೇವೆ.

ಇದಕ್ಕೆ ಸಿದ್ಧ ಸಮಾಧಾನವೊಂದಿದೆ: ಮೈಯ ದುಡಿಮೆ ಗುಲಾಮರದ್ದಿರಬಹುದು, ಬುದ್ಧಿ ಒಡೆಯನದ್ದು. ಈ ಮಾತನ್ನು ಒರೆಗೆ ಹಚ್ಚಿ ನೋಡಬೇಕು. ಏಕೆಂದರೆ ಗುಲಾಮಗಿರಿ ಮಾಡಿದ ದರೋಡೆಗಳಲ್ಲಿ ಅತ್ಯಂತ ಕಡಿಮೆ ಚರ್ಚೆಯಾದದ್ದು ಈ ದರೋಡೆ. ಮೈಯನ್ನು ಕಸಿದುಕೊಂಡದ್ದನ್ನು ಇಂದು ಎಲ್ಲರೂ ಒಪ್ಪುತ್ತಾರೆ. ಬುದ್ಧಿಯನ್ನು ಕಸಿದುಕೊಂಡದ್ದು ಇನ್ನೂ ಒಪ್ಪಿಗೆಯಾಗಿಲ್ಲ.

ಮಿಡಲ್ಟನ್ ಪ್ಲೇಸಿನ ಉದ್ಯಾನ ಮೂಲತಃ ಮಣ್ಣು ಮತ್ತು ನೀರಿನ ಕೆಲಸ. ಇಳಿಜಾರನ್ನು ಮಟ್ಟಸ ಮಾಡಿ, ಮಳೆಗೆ ಕುಸಿಯದಂತೆ ಅಟ್ಟಣೆ ಕಟ್ಟಬೇಕು. ನೀರು ನಿಲ್ಲುವಲ್ಲಿ ನಿಲ್ಲಬೇಕು, ಹರಿಯುವಲ್ಲಿ ಹರಿಯಬೇಕು. ಏರಿ ಜಿನುಗಬಾರದು. ತಗ್ಗುಪ್ರದೇಶದ ಜೌಗುನೆಲದಲ್ಲಿ ಈ ವಿದ್ಯೆ ಯಾರ ಬಳಿ ಇತ್ತು? ಕೆರೊಲಿನಾದ ಭತ್ತದ ಗದ್ದೆಗಳನ್ನು ಮಾಡಿದವರ ಬಳಿ. ಮೊದಮೊದಲು ಒಳನಾಡಿನ ಜೌಗುಗಳಿಗೆ ಒಡ್ಡು ಹಾಕಿ ನೀರು ಸಂಗ್ರಹಿಸಿ ಬೆಳೆಯುತ್ತಿದ್ದರು. 18ನೇ ಶತಮಾನದ ಉತ್ತರಾರ್ಧದಲ್ಲಿ ನದಿಯ ಉಬ್ಬರ-ಇಳಿತವನ್ನೇ ನೀರಾವರಿಗೆ ಬಳಸುವ ಪದ್ಧತಿ ಹರಡಿತು. ಸಮುದ್ರದ ಉಬ್ಬರ ನದಿಯ ಸಿಹಿನೀರನ್ನು ಹಿಂದಕ್ಕೆ ತಳ್ಳಿದಾಗ ತೂಬು ತೆರೆದು ಗದ್ದೆ ತುಂಬಿಸುವುದು, ಇಳಿತದಲ್ಲಿ ಬಸಿಯುವುದು. ನಮ್ಮ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವವರಿಗೆ ಈ ಕೆಲಸದ ಸೂಕ್ಷ್ಮ ವಿವರಿಸಬೇಕಿಲ್ಲ. ಒಂದು ಉಬ್ಬರದ ಅಂದಾಜು ತಪ್ಪಿದರೆ, ಏರಿಯಲ್ಲಿ ಒಂದು ಏಡಿ ತೂತು ಕೊರೆದರೆ, ವರ್ಷದ ಬೆಳೆ ಹೋಯಿತು.

ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್, ಗಿನಿ, ಗ್ಯಾಂಬಿಯಾ ತೀರದ ಜನ ಶತಮಾನಗಳಿಂದ ಭತ್ತ ಬೆಳೆಯುತ್ತಿದ್ದವರು; ಕಾಂಡ್ಲಾ ಕಾಡು ಕಡಿದು, ಏರಿ ಕಟ್ಟಿ, ಟೊಳ್ಳು ಮರದ ತೂಬಿಟ್ಟು ಗದ್ದೆ ಮಾಡುತ್ತಿದ್ದವರು. ಅವರಲ್ಲಿ ಸಾವಿರಾರು ಜನರನ್ನು ಹಿಡಿದು ಚಾರ್ಲ್ಸ್‌ಟನ್ ಬಂದರಿನಲ್ಲಿ ಮಾರಲಾಯಿತು. ಭತ್ತದ ನಾಡಿನಿಂದ ಬಂದವರು ಎಂದು ಮಾರಾಟದ ಜಾಹೀರಾತುಗಳಲ್ಲಿ ವಿಶೇಷವಾಗಿ ಹೇಳುತ್ತಿದ್ದದ್ದುಂಟು. ಬರಿಯ ಮೈಬಲ ಬೇಕಿದ್ದವರು ಹಾಗೆ ಜಾಹೀರಾತು ಕೊಡಬೇಕಾಗಿರಲಿಲ್ಲ. ಭೂಗೋಳಶಾಸ್ತ್ರಜ್ಞೆ ಜೂಡಿತ್ ಕಾರ್ನಿ 2001ರಲ್ಲಿ 'ಬ್ಲ್ಯಾಕ್ ರೈಸ್' ಪುಸ್ತಕ ಬರೆದು ಕೆರೊಲಿನಾದ ಭತ್ತದ ಕೃಷಿಯ ಹಿಂದಿರುವುದು ಆಫ್ರಿಕಾದ ಜ್ಞಾನ ಎಂದು ವಾದಿಸಿದರು. ಆ ಪಾಲು ಅವರು ಹೇಳಿದಷ್ಟಿಲ್ಲ ಎಂದು ಕೆಲವು ಇತಿಹಾಸಕಾರರು ಅಂಕಿಅಂಶ ಮುಂದಿಟ್ಟು ಪ್ರಶ್ನಿಸಿದ್ದಾರೆ. ಆ ವಾದ ನಡೆಯಲಿ; ನಡೆಯಬೇಕು. ಆದರೆ ವಾದದ ಎರಡೂ ಕಡೆಯವರು ಒಪ್ಪುವ ಒಂದು ಸಂಗತಿಯಿದೆ. ಗದ್ದೆಯಲ್ಲಿ ನಿಂತು ನೀರಿನ ಮಟ್ಟ ನೋಡಿ ತೂಬು ಎತ್ತಿದವರು, ಒಡೆದ ಏರಿ ಮುಚ್ಚಿದವರು, ಒರಳಿನಲ್ಲಿ ಒನಕೆ ಹಿಡಿದು ಅಕ್ಕಿಯ ಕಾಳು ಮುರಿಯದಂತೆ ಕುಟ್ಟಿದ ಹೆಂಗಸರು, ಹುಲ್ಲು ಹೆಣೆದ ಮೊರದಲ್ಲಿ ಕೇರಿದವರು ಗುಲಾಮರೇ. ಬೇಸಿಗೆಯಲ್ಲಿ ಮಲೇರಿಯಾಕ್ಕೆ ಹೆದರಿ ಒಡೆಯರು ನಗರಕ್ಕೆ ಹೋಗುತ್ತಿದ್ದರು. ಗದ್ದೆಯಲ್ಲಿ ಉಳಿದವರು ಇವರು. ಅಂಥ ಕೈಗಳು ಉದ್ಯಾನದ ಅಟ್ಟಣೆ ಕಟ್ಟುವಾಗ ಮಾತ್ರ ಬುದ್ಧಿಯಿಲ್ಲದ ಕೈಗಳಾಗಿಬಿಟ್ಟವು ಎಂದು ನಂಬಲು ಯಾವ ಆಧಾರವೂ ಇಲ್ಲ. ನಕ್ಷೆ ಯುರೋಪಿನದ್ದಿರಬಹುದು. ನಕ್ಷೆಯ ಗೆರೆ ಮಣ್ಣಿನಲ್ಲಿ 280 ವರ್ಷ ನಿಂತದ್ದು ಮಣ್ಣನ್ನು ಬಲ್ಲವರಿಂದ.

ಹಾಗಾದರೆ ಅವರ ಮಾತು ಏಕೆ ನಮಗೆ ಕೇಳಿಸುವುದಿಲ್ಲ? ಒಬ್ಬ ತೋಟಗಾರನ ಪತ್ರ, ಒಬ್ಬ ಮಣ್ಣುಕೆಲಸದವನ ನೆನಪು ಏಕೆ ಉಳಿದಿಲ್ಲ? ಕಾರಣ ಕಾನೂನಿನ ಪುಸ್ತಕದಲ್ಲೇ ಇದೆ.

ಉದ್ಯಾನ ಶುರುವಾಗುವ ಎರಡು ವರ್ಷ ಮೊದಲು, 1739ರ ಸೆಪ್ಟೆಂಬರ್ 9ರ ಭಾನುವಾರ, ಪಕ್ಕದ ಸ್ಟೋನೋ ನದಿಯ ಬಳಿ ಸುಮಾರು ಇಪ್ಪತ್ತು ಮಂದಿ ಗುಲಾಮರು ಒಂದು ಅಂಗಡಿಗೆ ನುಗ್ಗಿ ಬಂದೂಕು, ಮದ್ದು ತೆಗೆದುಕೊಂಡು ದಕ್ಷಿಣಕ್ಕೆ ನಡೆದರು. ಸ್ಪೇನಿನ ಆಳ್ವಿಕೆಯಲ್ಲಿದ್ದ ಫ್ಲಾರಿಡಾದಲ್ಲಿ ಓಡಿಬಂದವರಿಗೆ ಬಿಡುಗಡೆಯ ಭರವಸೆ ಇತ್ತು. ದಾರಿಯಲ್ಲಿ ಇನ್ನಷ್ಟು ಜನ ಸೇರಿಕೊಂಡರು. ನಗಾರಿ ಬಾರಿಸುತ್ತ ಬಾವುಟ ಹಿಡಿದು ನಡೆದರು. ಇಪ್ಪತ್ತಕ್ಕೂ ಹೆಚ್ಚು ಬಿಳಿಯರು ಸತ್ತರು. ಅದೇ ದಿನ ಸಂಜೆಯೊಳಗೆ ವಸಾಹತಿನ ಸಶಸ್ತ್ರ ಪಡೆ ದಂಗೆಯನ್ನು ಬಹುಮಟ್ಟಿಗೆ ಅಡಗಿಸಿತು. ಸತ್ತ ದಂಗೆಕೋರರ ತಲೆಗಳನ್ನು ಕಂಬಗಳ ಮೇಲೆ ಸಿಕ್ಕಿಸಲಾಯಿತು. ಮರುವರ್ಷ, 1740ರಲ್ಲಿ, ದಕ್ಷಿಣ ಕೆರೊಲಿನಾ 'ನೀಗ್ರೋ ಕಾಯಿದೆ' ತಂದಿತು. ಗುಲಾಮರು ಗುಂಪುಗೂಡುವಂತಿಲ್ಲ, ತಮಗಾಗಿ ಸಂಪಾದಿಸುವಂತಿಲ್ಲ, ನಗಾರಿ ಬಾರಿಸುವಂತಿಲ್ಲ. ಅವರಿಗೆ ಬರೆಯಲು ಕಲಿಸಿದವರಿಗೆ ದಂಡ. ದುಡಿಸಿಕೊಳ್ಳುವ ಸಮಯಕ್ಕೂ ಅದೇ ಕಾಯಿದೆ ಮಿತಿ ಹಾಕಿತು: ಬೇಸಿಗೆಯಲ್ಲಿ ದಿನಕ್ಕೆ 15 ಗಂಟೆ, ಉಳಿದ ಕಾಲದಲ್ಲಿ 14 ಗಂಟೆ.

ಅದರ ಮುಂದಿನ ವರ್ಷ ಉದ್ಯಾನದ ಮೊದಲ ಗುದ್ದಲಿ ಬಿತ್ತು.

ಈ ಎರಡು ಸಂಗತಿಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಬೇಕು. ಬರವಣಿಗೆಯನ್ನೇ ಅಪರಾಧವನ್ನಾಗಿ ಮಾಡಿದ ಸಮಾಜದಲ್ಲಿ ದಾಖಲೆ ಉಳಿಯದಿರುವುದು ಆಕಸ್ಮಿಕವಲ್ಲ. ಅದು ಬೇಕೆಂದೇ ಮಾಡಿದ ಮೌನ. ಬರೆದವರ ಕಥೆಯನ್ನಷ್ಟೇ ಇತಿಹಾಸವೆಂದು ಒಪ್ಪಿಕೊಂಡರೆ ನಾವು 1740ರ ಆ ಕಾಯಿದೆಯನ್ನು ಇಂದಿಗೂ ಜಾರಿಯಲ್ಲಿ ಇಟ್ಟಂತೆ.

ಇನ್ನೊಂದು ವಾದವೂ ಇಲ್ಲಿಯೇ ಬಿದ್ದುಹೋಗುತ್ತದೆ. 'ಅಂದಿನ ಕಾಲವೇ ಹಾಗಿತ್ತು, ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯಬಾರದು' ಎಂಬ ವಾದ. ವಿಚಾರವಂತರೂ ಇದನ್ನು ಒಪ್ಪಿಕೊಂಡುಬಿಡುತ್ತಾರೆ. ಆದರೆ ಅಂದಿನ ಕಾಲ ಎಂದರೆ ಯಾರ ಕಾಲ? ಸ್ಟೋನೋ ನದಿಯ ಬಳಿ ನಗಾರಿ ಬಾರಿಸಿದವರೂ ಅಂದಿನ ಕಾಲದವರೇ. ಗುಲಾಮಗಿರಿ ಅನ್ಯಾಯ ಎಂದು ತಿಳಿಯಲು ಅವರಿಗೆ 21ನೇ ಶತಮಾನ ಬರಬೇಕಾಗಿರಲಿಲ್ಲ. ಪೆನ್ಸಿಲ್ವೇನಿಯಾದ ಜರ್ಮನ್‌ಟೌನಿನಲ್ಲಿ 1688ರಲ್ಲೇ ಕೆಲವು ಕ್ವೇಕರ್ ಪಂಥದವರು ಗುಲಾಮಗಿರಿಯ ವಿರುದ್ಧ ಲಿಖಿತ ಮನವಿ ಸಲ್ಲಿಸಿದ್ದರು. ಅಂದಿನ ಅಳತೆಗೋಲು ಎಂದು ನಾವು ಕರೆಯುವುದು ಅಂದಿನ ಒಡೆಯರ ಅಳತೆಗೋಲನ್ನು ಮಾತ್ರ.

ಮಿಡಲ್ಟನ್ ಮನೆತನಕ್ಕಂತೂ ಆ ಸಬೂಬು ಸುತರಾಂ ಒಪ್ಪುವುದಿಲ್ಲ. ಹೆನ್ರಿ 1774ರಲ್ಲಿ ಮೊದಲ ಕಾಂಟಿನೆಂಟಲ್ ಕಾಂಗ್ರೆಸ್ಸಿನ ಅಧ್ಯಕ್ಷನಾದವನು. ಅವನ ಮಗ ಆರ್ಥರ್ 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವನು. ಎಲ್ಲ ಮನುಷ್ಯರೂ ಸಮಾನರು ಎಂದು ಆರಂಭದಲ್ಲೇ ಸಾರಿದ ದಾಖಲೆ ಅದು. ಜೆಫರ್ಸನ್ ಬರೆದ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸುವ ಭಾಗವೊಂದಿತ್ತು. ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾಗಳನ್ನು ಮೆಚ್ಚಿಸಲು ಅದನ್ನು ತೆಗೆಯಲಾಯಿತು ಎಂದು ಅವನೇ ಬರೆದಿಟ್ಟಿದ್ದಾನೆ. ಬ್ರಿಟಿಷರು ಆರ್ಥರ್‌ನನ್ನು ಸೆರೆಹಿಡಿದು ಫ್ಲಾರಿಡಾದಲ್ಲಿ ಇಟ್ಟಿದ್ದರು. ಅವನು ಸ್ವಾತಂತ್ರ್ಯಕ್ಕಾಗಿ ಕಷ್ಟಪಟ್ಟದ್ದು ನಿಜ. ಸ್ವಾತಂತ್ರ್ಯದ ಬೆಲೆ ಗೊತ್ತಿದ್ದವನು ಅದನ್ನು ತನ್ನ ತೋಟದ ಜನರಿಗೆ ಕೊಡದೆ ಸತ್ತದ್ದೂ ಅಷ್ಟೇ ನಿಜ. ಅವನ ಗೋರಿ ಇದೇ ಉದ್ಯಾನದಲ್ಲಿದೆ. ಆರ್ಥರನ ಮೊಮ್ಮಗ ವಿಲಿಯಮ್ಸ್ ಮಿಡಲ್ಟನ್ 1860ರಲ್ಲಿ ಸಹಿ ಹಾಕಿದ್ದು ಅಮೆರಿಕದ ಒಕ್ಕೂಟದಿಂದ ದಕ್ಷಿಣ ಕೆರೊಲಿನಾ ಹೊರಬರುವ ನಿರ್ಣಯಕ್ಕೆ, ಅಂದರೆ ಗುಲಾಮಗಿರಿಯನ್ನು ಉಳಿಸಿಕೊಳ್ಳುವ ನಿರ್ಣಯಕ್ಕೆ. ಒಳ್ಳೆಯ ತತ್ವವನ್ನು ಕೈಯಾರೆ ಒಪ್ಪಿಕೊಂಡ ಮನೆ ಎಂಬತ್ತು ವರ್ಷವಾದರೂ ಅದನ್ನು ತನ್ನ ಗದ್ದೆಗೆ ಇಳಿಸಲಿಲ್ಲ. ಬುದ್ಧಿಗೆ ತಿಳಿದದ್ದು ಲಾಭದ ಎದುರು ಎಷ್ಟು ದುರ್ಬಲವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಮುಂದಿನದನ್ನು ಬೇಗ ಹೇಳಬಹುದು. ಆ ನಿರ್ಣಯದ ಬೆನ್ನಿಗೆ ಬಂದ ಅಂತರ್ಯುದ್ಧದಲ್ಲಿ, 1865ರ ಫೆಬ್ರುವರಿ 22ರಂದು, ಒಕ್ಕೂಟದ ಸೈನಿಕರು ಮನೆಗೆ ಬೆಂಕಿಯಿಟ್ಟರು. 1886ರ ಆಗಸ್ಟ್ 31ರ ಚಾರ್ಲ್ಸ್‌ಟನ್ ಭೂಕಂಪ ಸುಟ್ಟು ನಿಂತಿದ್ದ ಗೋಡೆಗಳನ್ನು ಕೆಡವಿತು. ಕೊಳಗಳ ನೀರು ಬರಿದಾಯಿತು. ಅತಿಥಿಗಳಿಗೆಂದು ಕಟ್ಟಿದ್ದ ದಕ್ಷಿಣದ ಕಟ್ಟಡವೊಂದು ಮಾತ್ರ ದುರಸ್ತಿಯಾಗಿ ಉಳಿಯಿತು. ದಶಕಗಳ ಕಾಲ ಉದ್ಯಾನದಲ್ಲಿ ಪೊದೆ ಬೆಳೆಯಿತು. 20ನೇ ಶತಮಾನದ ಮೊದಲ ಭಾಗದಲ್ಲಿ ವಂಶಸ್ಥರಾದ ಜೆ.ಜೆ. ಪ್ರಿಂಗಲ್ ಸ್ಮಿತ್ ದಂಪತಿ ಅದನ್ನು ಮತ್ತೆ ಹಸನು ಮಾಡಿಸಿದರು. ಇಂದು ವಸಂತದಲ್ಲಿ ಜನ ಮುಗಿಬಿದ್ದು ನೋಡುವ ಅಜೇಲಿಯಾ ಹೂಗಳ ಗುಡ್ಡ ಆ ಕಾಲದ್ದು. ಕಮೀಲಿಯಾಗಳ ಕಥೆ ಇನ್ನೂ ಹಳೆಯದು. 1786ರಲ್ಲಿ ಚಾರ್ಲ್ಸ್‌ಟನ್‌ಗೆ ಬಂದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಆಂದ್ರೆ ಮಿಶೋ ಈ ಮನೆಗೆ ಕಮೀಲಿಯಾ ಗಿಡಗಳನ್ನು ಕೊಟ್ಟನೆಂಬ ಪ್ರತೀತಿಯಿದೆ. ಗಿಡ ಕೊಟ್ಟವನ ಹೆಸರನ್ನು ಎರಡು ಶತಮಾನ ಜತನ ಮಾಡಿದ ನೆನಪು, ಅದೇ ಗಿಡಕ್ಕೆ ನೀರೆರೆದವನ ಹೆಸರನ್ನು ಉಳಿಸಿಕೊಳ್ಳಲಿಲ್ಲ. 1941ರಲ್ಲಿ ಉದ್ಯಾನಕ್ಕೆ ಇನ್ನೂರು ತುಂಬಿದಾಗ ಗಾರ್ಡನ್ ಕ್ಲಬ್ ಆಫ್ ಅಮೆರಿಕಾ ಪದಕ ಕೊಟ್ಟು ಗೌರವಿಸಿತು. ಅಂದು ದಕ್ಷಿಣದ ರಾಜ್ಯಗಳಲ್ಲಿ ಕರಿಯರು ಬಿಳಿಯರ ಜೊತೆ ಬಸ್ಸಿನಲ್ಲಿ ಒಂದೇ ಸಾಲಿನಲ್ಲಿ ಕೂರುವಂತಿರಲಿಲ್ಲ.

ಹೆಸರುಗಳು ಸಿಗುವುದೇ ಇಲ್ಲ ಎಂದು ಕೈಚೆಲ್ಲುವುದು ಸೋಮಾರಿತನ. ಲೂಸಿಯಾನಾದ ಓಕ್ ಆ್ಯಲಿ ಎಸ್ಟೇಟಿನಲ್ಲಿ ಅಂಟ್ವಾನ್ ಎಂಬ ಗುಲಾಮ ತೋಟಗಾರನಿದ್ದ. ಪಿಕಾನ್ ಕಾಯಿಯ ಮರಗಳಿಗೆ ಕಸಿ ಕಟ್ಟಿ ಒಳ್ಳೆಯ ತಳಿಯನ್ನು ನಿಲ್ಲಿಸುವ ವಿದ್ಯೆ 1840ರ ದಶಕದಲ್ಲಿ ಅವನಿಗೆ ಸಿದ್ಧಿಸಿತ್ತು. ಅವನಿಗೆ ಮೊದಲು ಪಿಕಾನ್ ಕಸಿಯಲ್ಲಿ ಆ ಮಟ್ಟದ ಯಶಸ್ಸು ಯಾರಿಗೂ ಸಿಕ್ಕಿರಲಿಲ್ಲ. 1876ರ ಫಿಲಡೆಲ್ಫಿಯಾ ಮಹಾಪ್ರದರ್ಶನದಲ್ಲಿ ಆ ತಳಿಯ ಕಾಯಿ ಬಹುಮಾನ ಪಡೆದು 'ಸೆಂಟೆನಿಯಲ್' ಎಂದು ಹೆಸರಾಯಿತು. ಅಂಟ್ವಾನ್‌ನ ಹೆಸರು ನಮಗೆ ಉಳಿದದ್ದು ಹೇಗೆ? ಎಸ್ಟೇಟಿನ ಆಸ್ತಿಪಟ್ಟಿಯಲ್ಲಿ ಅವನಿಗೂ ಒಂದು ಬೆಲೆ ಕಟ್ಟಿ ಬರೆದಿದ್ದರಿಂದ. ಮನುಷ್ಯನನ್ನು ಸರಕೆಂದು ಎಣಿಸಿದ ಕಾಗದವೇ ಈಗ ಅವನ ಪ್ರತಿಭೆಗೆ ಸಾಕ್ಷಿ ಹೇಳುತ್ತಿದೆ.

ಮಿಡಲ್ಟನ್ ಪ್ಲೇಸಿನಲ್ಲೂ ಅಂಥದೇ ಕಾಗದಗಳು ಕೆಲಸಕ್ಕೆ ಬಂದವು. 1974ರಲ್ಲಿ ಸ್ಥಾಪನೆಯಾದ ಅಲ್ಲಿನ ಪ್ರತಿಷ್ಠಾನ ಉಯಿಲು, ಕ್ರಯಪತ್ರ, ಆಸ್ತಿಪಟ್ಟಿ, ಬಟ್ಟೆ ಹಂಚಿದ ಲೆಕ್ಕ ಇವನ್ನೆಲ್ಲ ಜಾಲಾಡಿ, 1738ರಿಂದ 1865ರವರೆಗೆ ಈ ಮನೆತನ ಗುಲಾಮರಾಗಿ ಇಟ್ಟುಕೊಂಡಿದ್ದ 2,800ಕ್ಕೂ ಹೆಚ್ಚು ಜನರ ಪಟ್ಟಿ ಮಾಡಿ 2008ರಲ್ಲಿ ಪುಸ್ತಕವಾಗಿ ಪ್ರಕಟಿಸಿತು. ಎಸ್ಟೇಟಿನ ಆವರಣದಲ್ಲಿ ಬಿಡುಗಡೆಯಾದವರು ವಾಸವಿದ್ದ ಹಳೆಯ ಮರದ ಮನೆಯೊಂದಿದೆ. ಕೊನೆಯವರೆಗೆ ಅದರಲ್ಲಿದ್ದ, ಆ ತೋಟದಲ್ಲೇ ದುಡಿದ ಎಲೈಜಾ ಲೀಚ್ 1986ರಲ್ಲಿ ತೀರಿಕೊಂಡರು. ಈಗ ಅದಕ್ಕೆ ಅವರದ್ದೇ ಹೆಸರು. ಗೋಡೆಗಳ ಮೇಲೆ ಆ ಸಾವಿರಾರು ಜನರ ಹೆಸರುಗಳಿವೆ. ಒಡೆಯರ ವಂಶಸ್ಥರೂ ಗುಲಾಮರ ವಂಶಸ್ಥರೂ ಅದೇ ಆವರಣದಲ್ಲಿ ಒಟ್ಟಿಗೆ ಕುಟುಂಬ ಸಮಾವೇಶ ನಡೆಸಿದ್ದಾರೆ. ಇದು ಸಣ್ಣ ಕೆಲಸವಲ್ಲ. ಸಾಕಷ್ಟು ತಡವಾಗಿ ನಡೆದ ಕೆಲಸ ಎನ್ನುವುದನ್ನೂ ಹೇಳಬೇಕು.

ಮಾಡಿದ್ದು ಸಾಕು ಎನ್ನಲು ಬಾರದ ಸಂಗತಿಯೂ ಒಂದಿದೆ. ದಕ್ಷಿಣದ ಹಳೆಯ ಎಸ್ಟೇಟುಗಳು ಇಂದಿಗೂ ಮದುವೆಗೆ ಬಾಡಿಗೆಗೆ ಸಿಗುತ್ತವೆ. ಹಿನ್ನೆಲೆಗೆ ಓಕ್ ಮರ, ಹುಲ್ಲುಹಾಸು, ಬಿಳಿ ಕಂಬಗಳ ಮನೆ. 2019ರ ಕೊನೆಯಲ್ಲಿ ಪಿಂಟರೆಸ್ಟ್‌ನಂಥ ಜಾಲತಾಣಗಳು ಇಂಥ ಮದುವೆಗಳ ಸೊಗಸನ್ನು ಸಾರುವ ಪ್ರಚಾರಕ್ಕೆ ಕಡಿವಾಣ ಹಾಕಲು ಮುಂದಾದವು. ಅದನ್ನು ಅತಿರೇಕ ಎಂದವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮಕ್ಕಳನ್ನು ತಾಯಿಯಿಂದ ಬೇರ್ಪಡಿಸಿ ಮಾರಿದ ಅಂಗಳದಲ್ಲಿ ಕುಟುಂಬವೊಂದನ್ನು ಆರಂಭಿಸುವವರು ಆ ಅಂಗಳದ ಕಥೆಯನ್ನು ಕೇಳಿ ತಿಳಿದು ಆಮೇಲೆ ತೀರ್ಮಾನಿಸಲಿ. ಕೇಳದಂತೆ ಮುಚ್ಚಿಡುವ ಹಕ್ಕು ಯಾರಿಗೂ ಇಲ್ಲ.

ಇದನ್ನು ದೂರದ ದೇಶದ ಪಾಪವೆಂದು ಓದಿ ಪುಸ್ತಕ ಮುಚ್ಚುವ ಅಧಿಕಾರ ಕನ್ನಡದ ಓದುಗರಿಗಿಲ್ಲ. ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡಾಗ ಅಲ್ಲಿ ಹುಟ್ಟಿನಿಂದಲೇ ಜೀತಕ್ಕೆ ಸೇರಿದ, ಭೂಮಿಯ ಜೊತೆಗೇ ಕೈ ಬದಲಾಗುತ್ತಿದ್ದ ಕುಟುಂಬಗಳಿದ್ದವು. ಗುಲಾಮಗಿರಿಯನ್ನು ನ್ಯಾಯಾಲಯಗಳು ಮಾನ್ಯ ಮಾಡಬಾರದೆಂದು 1843ರಲ್ಲಿ ಭಾರತದಲ್ಲಿ ಕಾಯಿದೆ ಬಂತು. ಜೀತವನ್ನೇ ರದ್ದುಮಾಡುವ ಕಾಯಿದೆ ಬರಲು 1976ರವರೆಗೆ ಕಾಯಬೇಕಾಯಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳನ್ನು ಕೆರೊಲಿನಾದ ಎಸ್ಟೇಟುಗಳಿಗೆ ಸಮ ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಕೂಲಿ ಇತ್ತು, ಮನುಷ್ಯರ ಹರಾಜು ಇರಲಿಲ್ಲ. ಆದರೆ ಮೇಸ್ತ್ರಿ ಕೊಟ್ಟ ಮುಂಗಡದ ಸಾಲಕ್ಕೆ ಕಟ್ಟುಬಿದ್ದು ಘಟ್ಟ ಹತ್ತಿದವರು, ಲೈನ್ ಮನೆಗಳಲ್ಲಿ ತಲೆಮಾರು ಕಳೆದವರು, ತೋಟದ ಆಚೆ ಒಂದು ಗುಂಟೆ ನೆಲವೂ ಇಲ್ಲದವರು ಇದ್ದರು, ಇಂದಿಗೂ ಇದ್ದಾರೆ. ಬಂಗಲೆಗಳು ಈಗ ಹೋಮ್‌ಸ್ಟೇಗಳಾಗಿವೆ. ಅವುಗಳ ಮುಂದೆಯೂ ಕತ್ತರಿಸಿ ಒಪ್ಪ ಮಾಡಿದ ಹೂದೋಟಗಳಿವೆ. ಗೋಡೆಯ ಮೇಲೆ ತೋಟ ಮಾಡಿದ ದೊರೆಯ ಫೋಟೊ, ಕೊಂಡುಕೊಂಡ ಯಜಮಾನರ ಫೋಟೊ. ಕಾಡು ಕಡಿದು ಗುಂಡಿ ತೋಡಿ ಗಿಡ ನೆಟ್ಟವರ ಫೋಟೊ ನಾನು ಯಾವ ಗೋಡೆಯ ಮೇಲೂ ಕಂಡಿಲ್ಲ.

ಆದ್ದರಿಂದ ಎರಡು ಬೇಡಿಕೆ. ಅಮೆರಿಕದಲ್ಲಿರುವ ಕನ್ನಡಿಗರು, ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವ ತಂದೆತಾಯಂದಿರು, ಚಾರ್ಲ್ಸ್‌ಟನ್ ಕಡೆ ಹೋದರೆ ಮಿಡಲ್ಟನ್ ಪ್ಲೇಸನ್ನು ಖಂಡಿತ ನೋಡಿ. ಕೊಳಗಳಿಗೆ ಹೋಗುವ ಮೊದಲು ಎಲೈಜಾ ಅವರ ಮನೆಗೆ ಹೋಗಿ, ಗೋಡೆಯ ಮೇಲಿನ ಹೆಸರುಗಳನ್ನು ಓದಿ, ಆಮೇಲೆ ಅಟ್ಟಣೆಗಳನ್ನು ನೋಡಿ. ಅವು ಆಗಲೂ ಸುಂದರವಾಗಿಯೇ ಇರುತ್ತವೆ.

ಇನ್ನೊಂದು ಬೇಡಿಕೆ ನಮ್ಮ ಮಲೆನಾಡಿನ, ಕೊಡಗಿನ ತೋಟದ ಮಾಲೀಕರಿಗೆ. ನಿಮ್ಮ ಎಸ್ಟೇಟ್ ಆಫೀಸಿನ ಅಟ್ಟದ ಮೇಲೆ ಹಳೆಯ ಚೆಕ್‌ರೋಲ್ ಪುಸ್ತಕಗಳು ಇದ್ದರೆ, ಯಾವ ದಿನ ಯಾರು ಕೆಲಸಕ್ಕೆ ಬಂದರು, ಎಷ್ಟು ಕೂಲಿ, ಎಷ್ಟು ಮುಂಗಡ ಎಂದು ಬರೆದಿಟ್ಟ ಪುಸ್ತಕಗಳು ಇದ್ದರೆ, ಅವನ್ನು ಗೆದ್ದಲಿಗೆ ಬಿಡಬೇಡಿ, ರದ್ದಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರನ್ನು ಕರೆದು ತೋರಿಸಿ. ಆ ಹೆಸರುಗಳ ಮೊಮ್ಮಕ್ಕಳು ನಿಮ್ಮ ಲೈನ್ ಮನೆಗಳಲ್ಲೇ ಇದ್ದಾರೆ.